ಕ್ಯಾಸೆಟ್ಟಿನ ಕೊನೇ ಸದ್ದು

"ಯಾರ್ರೀ ಅದು, ನನ್ನ ಹಾಡಿನ ತಲೆ ಕತ್ತರಿಸಿರೋದು?"

ಬಾಗಿಲಿಂದ ಬಂದ ಆ ಕೂಗಿಗೆ ಭಾನುಮತಿಯ ಕೈಯಲ್ಲಿದ್ದ ಬ್ಲೇಡು ಟಣ್ ಅಂತ ಮೇಜಿನ ಮೇಲೆ ಬಿತ್ತು.

ತಲೆಯೆತ್ತಿ ನೋಡಿದಳು. ಗ್ರೀಸ್ ಕಲೆಯ ಖಾಕಿ ಪ್ಯಾಂಟು, ಕಿವಿ ಮುಚ್ಚುವಷ್ಟು ಕೂದಲು, ಹೆಗಲಿಗೆ ನೇತುಬಿದ್ದ ಬ್ಯಾಟರಿ ಟೇಪ್ ರೆಕಾರ್ಡರ್... ಕಣ್ಣಲ್ಲಂತೂ ಕೆಂಡ!

'ಅಬ್ಬಾ! ಇವನೇನು ಜಗಳಕ್ಕೇ ಹುಟ್ಟಿದ್ನಾ?'

"ನಾನೇ. ಏನೀಗ?" ಅಂದಳು.

ಎದೆ ಡವಡವ ಅಂತಿತ್ತು, ಆದರೆ ದನಿ ಮಾತ್ರ ನೆಟ್ಟಗಿತ್ತು. ಅವಳು ಹಾಗೇ ನೋಡಿ. ಭಯ ಆದಷ್ಟೂ ಗತ್ತು ಜಾಸ್ತಿ!

ಇದು ಎಂಬತ್ತೈದರ ಅಕ್ಟೋಬರ್ ತಿಂಗಳ ಮಾತು. ಪೀಣ್ಯದಲ್ಲಿ ವೆಂಕಟರಮಣಪ್ಪನವರದ್ದೊಂದು ಸಣ್ಣ ಕ್ಯಾಸೆಟ್ ಯೂನಿಟ್ ಇತ್ತು. ಯಾರಾದರೂ ಹಾಡು ರೆಕಾರ್ಡ್ ಮಾಡಿದ ದೊಡ್ಡ ಸ್ಪೂಲ್ ತಂದುಕೊಟ್ಟರೆ, ಅದರಿಂದ ನೂರಾರು ಕ್ಯಾಸೆಟ್ ಮಾಡಿಕೊಡುವುದು ಅಲ್ಲಿಯ ಕೆಲಸ. ಆ ದೊಡ್ಡ ಸ್ಪೂಲಿಗೆ ಮಾಸ್ಟರ್ ಅಂತ ಹೆಸರು. ಕಾಪಿಗೆ ಹಾಕುವ ಮುಂಚೆ ಮಾಸ್ಟರನ್ನು ಕಿವಿಗೊಟ್ಟು ಕೇಳಿ, ಎಲ್ಲಾದರೂ ಕೆಮ್ಮು, ಕರಕರ, ಬಾಗಿಲ ಸದ್ದು ಸೇರಿದ್ದರೆ ಆ ತುಂಡನ್ನು ಬ್ಲೇಡಿನಲ್ಲಿ ಕತ್ತರಿಸಿ ತೆಗೆದು ಮತ್ತೆ ಅಂಟಿಸುವವಳು ನಮ್ಮ ಭಾನುಮತಿ.

ಇಪ್ಪತ್ಮೂರು ವರ್ಷದ ಹುಡುಗಿ. ಆದರೆ ಅವಳ ಕಿವಿ ಅಂದ್ರೆ ಇಡೀ ಯೂನಿಟ್ಟಿಗೇ ಭಯಭಕ್ತಿ. ಹರಿಕಥೆ ದಾಸರು ಎಲೆ ಅಡಿಕೆ ಅಗಿದಿದ್ದನ್ನೂ ಕಂಡುಹಿಡಿದ ಕಿವಿ ಅದು!

"ಏನೀಗ ಅಂತ ಕೇಳ್ತೀರಲ್ರೀ! ಸ್ಯಾಂಪಲ್ ಕ್ಯಾಸೆಟ್ ಕೇಳ್ದೆ. ಮೊದಲ್ನೇ ಹಾಡಿನ ಶುರುವಲ್ಲಿ ನಲವತ್ತು ಸೆಕೆಂಡು ಸದ್ದು ಇತ್ತು. ಎಲ್ಲಿ ಅದು?"

"ಓ... ಅದಾ? ಗರ್‍ರ್ ಅಂತ ಗಲಾಟೆ ಇತ್ತಲ್ಲ? ಯಾವುದೋ ಮಷಿನ್ ಸದ್ದು ಸೇರ್ಕೊಂಡಿದೆ ಅಂತ ತೆಗೆದೆ. ನಿಮಗೆ ಉಪಕಾರ ಮಾಡಿದೀನಿ. ಥ್ಯಾಂಕ್ಸ್ ಹೇಳಿ ಹೋಗಿ!"

ಅವನ ಕಣ್ಣಲ್ಲಿದ್ದ ಕೆಂಡ ಹಾಗೇ ಆರಿಹೋಯಿತು. ಪಕ್ಕದ ಸ್ಟೂಲಿನ ಮೇಲೆ ಕುಸಿದು ಕೂತ.

"ಅದು... ನಮ್ಮಪ್ಪನ ಲೇತ್ ಮೇಡಂ."

ಅವನ ಹೆಸರು ಪಟ್ಟಾಭಿರಾಮ. ಹತ್ತಿರದ ಸರ್ಕಾರಿ ಫ್ಯಾಕ್ಟರಿಯಲ್ಲಿ ಲೇತ್ ಮೇಲೆ ಕಬ್ಬಿಣ ಕಡೆಯುವ ಟರ್ನರ್. ಬೆಳಗಿನ ಪಾಳಿ ಮುಗಿಸಿ ಬಂದು, ಅವನೂ ಸೇರಿ ನಾಲ್ಕು ಜನ ಹುಡುಗರು ಒಂದು ತಗಡಿನ ಶೆಡ್ಡಿನಲ್ಲಿ ಎಲೆಕ್ಟ್ರಿಕ್ ಗಿಟಾರು, ಡ್ರಮ್ಮು ಇಟ್ಟುಕೊಂಡು ಕನ್ನಡದಲ್ಲಿ ರಾಕ್ ಹಾಡು ಕಟ್ಟುತ್ತಿದ್ದರು. ಬ್ಯಾಂಡಿನ ಹೆಸರು 'ಸೆಕೆಂಡ್ ಶಿಫ್ಟ್'. "ಕನ್ನಡದಲ್ಲಿ ರಾಕಾ? ಹೋಗಯ್ಯಾ ಕೆಲಸ ನೋಡು" ಅಂದಿದ್ದವು ಎಲ್ಲ ಕಂಪನಿಗಳೂ. ಸರಿ, ಯಾವ ಕಂಪನಿಯ ಹಂಗೂ ಬೇಡ ಅಂತ ಮೂರು ವರ್ಷದ ಹಿಂದೆ ತಾವೇ ಮನೆಯ ಟೇಪ್‌ರೆಕಾರ್ಡರಿನಲ್ಲಿ ಐವತ್ತು ಕ್ಯಾಸೆಟ್ ಮಾಡಿ ಹಂಚಿದರು. ಅವು ಕೈಯಿಂದ ಕೈಗೆ ಹೋಗಿ ಹೋಗಿ, ಕೇಳಿ ಕೇಳಿ, ಟೇಪು ಸವೆದೇ ಹೋಯಿತು. ಈಗ ಆ ಹಳೇ ಆಲ್ಬಮ್ಮನ್ನು ಮತ್ತೆ ಹೊರಗೆ ತರುವುದು, ಜೊತೆಗೇ ಒಂದು ಹೊಸ ಆಲ್ಬಂ. ಎರಡೂ ನವೆಂಬರ್‌ನಲ್ಲಿ ಕಾಲೋನಿಯ ರಾಜ್ಯೋತ್ಸವಕ್ಕೆ ಬಿಡುಗಡೆ!

"ಅಪ್ಪ ನಮ್ಮ ಫ್ಯಾಕ್ಟರಿಯಲ್ಲೇ ಮೂವತ್ತೊಂದು ವರ್ಷ ಒಂದೇ ಲೇತ್ ಮೇಲೆ ಕೆಲಸ ಮಾಡಿದ್ರು," ಅಂದ ಪಟ್ಟಾಭಿ ನೆಲ ನೋಡುತ್ತಾ. "ಜೂನ್‌ನಲ್ಲಿ ರಿಟೈರ್ ಆದ್ರು. ಕೊನೇ ದಿನ ಸೆಕ್ಯುರಿಟಿಯವರ ಕೈಕಾಲು ಹಿಡಿದು, ಸ್ಪೂಲ್ ಮಷಿನ್ ಒಳಗೆ ತಗೊಂಡೋಗಿ ಆ ಸದ್ದು ಹಿಡಿದೆ. ಅಪ್ಪ ಸ್ವಿಚ್ ಹಾಕೋದು, ಮಷಿನ್ ತಿರುಗೋಕೆ ಶುರುವಾಗೋದು... ಮುಂದಿನ ವಾರವೇ ಅದನ್ನ ಗುಜರಿಗೆ ಹಾಕಿದ್ರು."

"ಹಳೇ ಕ್ಯಾಸೆಟ್‌ನಲ್ಲಿ ಇಲ್ವಾ?"

"ಇಲ್ಲ. ಈ ಸಲ ಹೊಸದಾಗಿ ಸೇರಿಸಿದ್ದು."

"ಇನ್ನೊಂದು ಕಾಪಿ..."

"ಇಲ್ಲ ಮೇಡಂ. ಅದೊಂದೇ." ಅವನು ಮುಖ ಒರೆಸಿಕೊಂಡ. "ಅಪ್ಪ ನಮ್ಮ ಹಾಡು ಒಂದಿನಾನೂ ಕೂತು ಕೇಳಿಲ್ಲ. ಡಬ್ಬಾ ಬಡೀತಾನೆ ಅಂತಾರೆ. ಅವರ ಲೇತ್‌ನಿಂದಾನೇ ಹಾಡು ಶುರುವಾದ್ರೆ ಕೂತು ಕೇಳ್ತಾರೇನೋ ಅಂತ..."

ಭಾನುಮತಿ ಮೇಜಿನ ಮೇಲಿದ್ದ ಬ್ಲೇಡನ್ನು ದೂರ ಸರಿಸಿದಳು.

'ಅಯ್ಯೋ ದೇವರೇ! ಎಂಥಾ ಕೆಲಸ ಮಾಡ್ಬಿಟ್ಟೆ ನಾನು! ಕಿವಿ ಚುರುಕು ಅಂತ ಮೆರೀತಿದ್ದೆನಲ್ಲಾ... ಒಬ್ಬ ಮನುಷ್ಯನ ಮೂವತ್ತೊಂದು ವರ್ಷಾನ ಗಲಾಟೆ ಅಂತ ಕಸಕ್ಕೆ ಹಾಕ್ದೆನಲ್ಲಾ!'

ಥಟ್ಟನೆ ಎದ್ದಳು. ಮೂಲೆಯಲ್ಲಿ ರದ್ದಿ ಟೇಪು ತುಂಬುವ ಗೋಣಿಚೀಲದ ಕಡೆ ಓಡಿದಳು. ಚೀಲ ಖಾಲಿ!

"ಅನುಸೂಯಮ್ಮಾ! ಚೀಲದಲ್ಲಿದ್ದ ಟೇಪೆಲ್ಲಾ ಎಲ್ಲಿ?"

ಪಕ್ಕದ ಮೇಜಿನ ಅನುಸೂಯಮ್ಮ ಕನ್ನಡಕದ ಮೇಲಿಂದ ನೋಡಿದರು. "ನಿನ್ನೆ ಮೊಸರಿನ ಪಿಳ್ಳಮ್ಮ ಬಂದಿದ್ಲಲ್ಲ, ಅವಳಿಗೆ ಕೊಟ್ಟೆ. ರಾಗಿ ಹೊಲಕ್ಕೆ ಕಟ್ತಾಳಂತೆ. ಗಾಳಿಗೆ ಝುಂಯ್ ಅಂತದೆ, ಹಕ್ಕಿ ಬರಲ್ಲ."

ಪಟ್ಟಾಭಿ ಬಾಯಿಬಿಟ್ಟು ನಿಂತ. "ನಮ್ಮಪ್ಪನ ಲೇತು... ಹಕ್ಕಿ ಓಡಿಸ್ತಿದ್ಯಾ?"

ನಗಬಾರದಿತ್ತು. ಆದರೂ ಭಾನುಮತಿಗೆ ನಗು ಉಕ್ಕಿ ಬಂತು ನೋಡಿ! ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ನಡೀರಿ," ಅಂದಳು. "ನಾನು ಕತ್ತರಿಸಿದ್ದು. ನಾನೇ ಹುಡುಕಿಕೊಡ್ತೀನಿ."

* * *

ಚಿಕ್ಕಬಾಣಾವರದ ಬಸ್ಸಿನಲ್ಲಿ ಭಾನುಮತಿ ಮುಂದೆ ಕೂತಿದ್ದಳು, ಅವನು ಹಿಂದೆ. ಇಳಿದ ಮೇಲೂ ಹತ್ತು ಮಾರು ದೂರದಲ್ಲೇ ನಡೆದ. ಒಂದೇ ಒಂದು ಮಾತಿಲ್ಲ.

'ಬಯ್ದುಬಿಟ್ಟಿದ್ರೆ ಎಷ್ಟೋ ವಾಸಿಯಾಗಿತ್ತು...' ಅಂದುಕೊಂಡಳು.

ರೈಲ್ವೆ ಸ್ಟೇಷನ್ ದಾಟಿ ಅರ್ಧ ಮೈಲಿ ಹೋದರೆ ಪಿಳ್ಳಮ್ಮನ ಹೊಲ. ಇವರು ಏದುಸಿರು ಬಿಡುತ್ತಾ ಬಂದದ್ದು ನೋಡಿ ಪಿಳ್ಳಮ್ಮ ಕುಡುಗೋಲು ಹಿಡಿದೇ ಎದ್ದುಬಂದಳು.

"ಯಾಕವ್ವಾ ಇಂಗೆ ಓಡ್ಕಂಡು ಬತ್ತಿದೀಯಾ? ಯಾರೋ ಇವ್ನು? ನಿನ್ನೇನಾದ್ರೂ ಅಟ್ಟಿಸ್ಕಂಡ್ ಬಂದ್ನಾ?"

"ಇಲ್ಲಮ್ಮಾ, ಇಲ್ಲ! ನೆನ್ನೆ ತಗೊಂಡೋದ ಟೇಪಿನಲ್ಲಿ ಒಂದು ತುಂಡು ಬೇಕಿತ್ತು."

"ಒಂದಾ?" ಪಿಳ್ಳಮ್ಮ ಕೈ ಚಾಚಿ ಹೊಲ ತೋರಿಸಿದಳು. "ನೋಡ್ಕೋ ಮತ್ತೆ!"

ಅಯ್ಯಯ್ಯೋ! ಎರಡು ಎಕರೆ ರಾಗಿ. ಉದ್ದಕ್ಕೂ ಅಡ್ಡಕ್ಕೂ ಕೋಲು ನೆಟ್ಟು, ಕೋಲಿಂದ ಕೋಲಿಗೆ ಟೇಪು ಎಳೆದು ಕಟ್ಟಿದ್ದಳು. ಬಿಸಿಲಿಗೆ ಎಲ್ಲ ಮಿರಮಿರ ಮಿಂಚುತ್ತಿತ್ತು. ಗಾಳಿ ಬಂದಾಗ ಇಡೀ ಹೊಲವೇ ಝುಂಯ್ ಅಂತ ಹಾಡುತ್ತಿತ್ತು.

ಪಟ್ಟಾಭಿ ಹಾಗೇ ನಿಂತುಬಿಟ್ಟ. ಕೋಪ, ದುಃಖ ಎಲ್ಲ ಎಲ್ಲಿ ಹೋಯಿತೋ! ಹೆಗಲಿನ ಟೇಪ್ ರೆಕಾರ್ಡರ್ ಇಳಿಸಿ ರೆಕಾರ್ಡ್ ಗುಂಡಿ ಒತ್ತಿದ.

"ಏನ್ರೀ ಮಾಡ್ತಿದೀರಾ? ತುಂಡು ಹುಡುಕೋಣ ಬನ್ನಿ ಅಂದ್ರೆ!"

"ಶ್! ಕೇಳಿ... ಈ ಸದ್ದು ಕೇಳಿದೀರಾ ಯಾವತ್ತಾದ್ರೂ? ನಾಲ್ಕು ಗಿಟಾರ್ ಒಟ್ಟಿಗೆ ಮೀಟಿದ ಹಾಗಿದೆ!"

'ಹುಚ್ಚ! ಪೂರ್ತಿ ಹುಚ್ಚ!' ಅಂದುಕೊಂಡಳು ಭಾನುಮತಿ. ಆದರೆ ಕಣ್ಣು ಮುಚ್ಚಿ ಗಾಳಿಗೆ ಕಿವಿಗೊಟ್ಟು ನಿಂತಿದ್ದ ಆ ಮುಖದಿಂದ ದೃಷ್ಟಿ ಕೀಳಲು ಅವಳಿಗೇ ಆಗಲಿಲ್ಲ. ಅವಳೂ ಸದ್ದು ಕೇಳಿಯೇ ಬದುಕುವವಳು. ಆದರೆ ಸದ್ದಿನಲ್ಲಿ ತಪ್ಪು ಹುಡುಕಿದ್ದೇ ಆಯಿತು, ಹೀಗೆ ಒಂದು ದಿನವಾದರೂ ಸುಮ್ಮನೆ ಕೇಳಿದ್ದಳಾ?

"ಇಲ್ಲಿ ಕೇಳಿ," ಅಂದಳು ಕೊನೆಗೆ. "ಕ್ಯಾಸೆಟ್ ಟೇಪು ಸಣ್ಣದು. ಮಾಸ್ಟರ್ ಟೇಪು ಅದರ ಎರಡರಷ್ಟು ಅಗಲ. ಬೇರೆ ಮಾಸ್ಟರ್ ತುಂಡೆಲ್ಲ ಗೇಣುದ್ದ, ಅಗಲವಾಗಿ ಉದ್ದಕ್ಕಿರೋದು ಎಲ್ಲಿ ಕಂಡ್ರೂ ಅದು ನಿಮ್ಮಪ್ಪಂದೇ. ಇಪ್ಪತ್ತೈದು ಅಡಿ ಇರತ್ತೆ. ನೀವು ಆ ಕಡೆ, ನಾನು ಈ ಕಡೆ."

ಅವನು ಮೊದಲ ಸಲ ಅವಳನ್ನು ನೆಟ್ಟಗೆ ನೋಡಿದ. "ಸರಿ ಮೇಡಂ."

"ಮೇಡಂ ಅಲ್ಲ. ಭಾನುಮತಿ."

ಅರ್ಧ ಗಂಟೆ ಹುಡುಕಿದರು. ರಾಗಿಯ ಗರಿ ತಾಗಿ ಕೈಯೆಲ್ಲಾ ತುರಿಕೆ. ಅವಳ ಹವಾಯಿ ಚಪ್ಪಲಿಯ ಬಾರು ಕಿತ್ತುಹೋಯಿತು. "ಇನ್ನು ಸಿಗಲ್ಲ ಬಿಡಿ" ಅಂತ ಅವನು ಆಚೆಯಿಂದ ಕೂಗಿದ. ಅವಳು ಬರಿಗಾಲಲ್ಲೇ ಮುಂದೆ ನಡೆದಳು. ಅವಳಿಗೆ ಬೇರೆ ದಾರಿಯೇ ಇರಲಿಲ್ಲ. ಬರಿಗೈಲಿ ವಾಪಸ್ ಹೋದರೆ ನಾಳೆಯಿಂದ ಆ ಬ್ಲೇಡು ಮುಟ್ಟೋದು ಹೇಗೆ?

ಬೇಲಿಯ ಹತ್ತಿರ, ಕಟ್ಟಕಡೆಯ ಸಾಲಿನಲ್ಲಿ, ಎರಡು ಕೋಲಿನ ನಡುವೆ ಒಂದು ಅಗಲವಾದ ಪಟ್ಟಿ ಮಿಂಚಿತು.

"ಸಿಕ್ತು! ರೀ... ಸಿಕ್ತೂ!!"

ಕೂಗಿದ್ದೇ ಕೂಗಿದ್ದು, ಬೇಲಿಯ ಮೇಲಿದ್ದ ಹಕ್ಕಿಗಳೆಲ್ಲ ಭರ್ರನೆ ಹಾರಿಹೋದವು! ಅದನ್ನು ನೋಡಿ ಭಾನುಮತಿಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕಳು. ಪಟ್ಟಾಭಿ ಓಡಿಬಂದವನು ಅವಳ ನಗು ನೋಡಿ ತಾನೂ ನಕ್ಕ.

"ಟೇಪಿಗಿಂತ ಈ ಅಮ್ಮಣ್ಣಿ ಕೂಗೇ ವಾಸಿ ಕಣಪ್ಪಾ!" ಅಂದಳು ಪಿಳ್ಳಮ್ಮ. "ಬೇಕಾದ್ರೆ ದಿನಾ ಕರ್ಕಂಬಾ. ಒಂದು ಅಕ್ಕಿನೂ ಇತ್ತ ತಲೆ ಆಕಲ್ಲ!"

ನೆಲದ ಮೇಲೆ ಇಟ್ಟಿದ್ದ ಟೇಪ್ ರೆಕಾರ್ಡರ್ ಇನ್ನೂ ತಿರುಗುತ್ತಲೇ ಇತ್ತು. ಅದು ಯಾರ ಗಮನಕ್ಕೂ ಬರಲಿಲ್ಲ.

* * *

ಟೇಪು ಎರಡು ತುಂಡಾಗಿತ್ತು. ಗಂಟು ಹಾಕಿದ ಕಡೆ ಒಂದಿಷ್ಟು ಹಾಳಾಗಿತ್ತು. ಮೂರು ದಿನ ಭಾನುಮತಿ ಮಧ್ಯಾಹ್ನದ ಊಟದ ಹೊತ್ತಿನಲ್ಲೆಲ್ಲಾ ಕೂತು, ಹತ್ತಿಯಿಂದ ಮಣ್ಣು ಒರೆಸಿ, ಸುಕ್ಕು ಬಿಡಿಸಿ, ಅಂಟಿಸಿದಳು. ಪಟ್ಟಾಭಿ ಪಾಳಿ ಮುಗಿಸಿ ದಿನಾ ಬಂದು ಎದುರಿನ ಸ್ಟೂಲಿನ ಮೇಲೆ ಕೂರುತ್ತಿದ್ದ.

"ಇವತ್ತು ಎಷ್ಟು ಅಡಿ ಆಯ್ತು?"

"ಹತ್ತು. ನೀವು ಹೀಗೆ ದಿಟ್ಟಿಸಿ ನೋಡ್ತಿದ್ರೆ ಅದೂ ಆಗಲ್ಲ."

"ನಾನು ಟೇಪ್ ನೋಡ್ತಿದೀನಿ ರೀ."

"ಟೇಪ್ ಇರೋದು ಮೇಜಿನ ಮೇಲೆ!"

ಅನುಸೂಯಮ್ಮ ಕೆಮ್ಮುತ್ತಿದ್ದರು. ಇವರಿಬ್ಬರಿಗೆ ಅದು ಕೇಳುತ್ತಲೇ ಇರಲಿಲ್ಲ.

ನಲವತ್ತರಲ್ಲಿ ಮೂವತ್ತೆಂಟು ಸೆಕೆಂಡು ಉಳಿಯಿತು. ಶುರುವಿನ ಎರಡು ಸೆಕೆಂಡು ಹೋಗೇಹೋಯಿತು. ಅಂಟಿಸಿದ ಜಾಗದಲ್ಲಿ ಲೇತ್ ಒಂದು ಸಲ 'ಕ್ಹಂ' ಅಂತ ತಡೆದು ಆಮೇಲೆ ತಿರುಗುತ್ತಿತ್ತು.

"ನನ್ನ ಕೈಲಾಗಿದ್ದು ಇಷ್ಟೇ... ಕ್ಷಮಿಸಿಬಿಡಿ," ಅಂತ ಸ್ಪೂಲ್ ಕೊಟ್ಟಳು.

ಮಾರನೇ ದಿನ ಅವನು ಬಂದಾಗ ಮುಖ ಅರಳಿತ್ತು.

"ಅಪ್ಪಂಗೆ ಕೇಳಿಸ್ದೆ! ಏನಂದ್ರು ಗೊತ್ತಾ? 'ಸರಿಯಾಗಿ ಹಿಡಿದಿದೀಯಾ ಕಣೋ, ನನ್ನ ಮಷಿನ್ ಹಂಗೇ, ಒಂದು ಸಲ ಕೆಮ್ಮಿನೇ ಶುರುವಾಗ್ತಿದ್ದಿದ್ದು' ಅಂದ್ರು! ಮೂರು ಹಾಡು ಕೂತು ಕೇಳಿದ್ರು ಭಾನುಮತಿಯವ್ರೇ... ಮೂರು!"

ಅವಳ ಕಣ್ಣು ತುಂಬಿಬಂತು. ನಗುತ್ತಲೇ ಅತ್ತಳು.

ಅವತ್ತೇ ಅವಳು ಗೋಡೆಗೆ ಒಂದು ಮೊಳೆ ಹೊಡೆದಳು. ಇನ್ನು ಮೇಲೆ ಏನೇ ಕತ್ತರಿಸಿದರೂ ಸೀದಾ ಚೀಲಕ್ಕಿಲ್ಲ. ಯಾವ ಮಾಸ್ಟರ್, ಎಷ್ಟು ಸೆಕೆಂಡು ಅಂತ ಚೀಟಿ ಬರೆದು ಮೊಳೆಗೆ ನೇತುಹಾಕಬೇಕು, ಒಂದು ವಾರ ಬಿಟ್ಟು ಬಿಸಾಕಬೇಕು. ವೆಂಕಟರಮಣಪ್ಪನವರೂ "ಆಗ್ಲಮ್ಮ" ಅಂದರು.

ಅದಾಗಿ ಎರಡು ವಾರ ಸೆಕೆಂಡ್ ಶಿಫ್ಟ್ ಹೊಸ ಆಲ್ಬಮ್ಮಿನ ರೆಕಾರ್ಡಿಂಗಿನಲ್ಲಿ ಮುಳುಗಿತು. ಒಂದು ಸಂಜೆ ಭಾನುಮತಿ ಬಸ್‌ಸ್ಟಾಪಿನಲ್ಲಿ ನಿಂತಿದ್ದಾಗ ಪಟ್ಟಾಭಿ ಸೈಕಲ್ ತಳ್ಳಿಕೊಂಡು ಬಂದ. ಬೆವರು ಒರೆಸಿದ. ಗಂಟಲು ಸರಿಮಾಡಿದ. ಸೈಕಲ್ ಬೆಲ್ಲು ಸುಮ್ಮನೆ ಎರಡು ಸಲ ಹೊಡೆದ.

"ಏನ್ರೀ? ಏನಾಯ್ತು?"

"ಬುಧವಾರ ಹೊಸ ಮಾಸ್ಟರ್ ತರ್ತೀವಿ. ನೀವೇ ಕೇಳ್ಬೇಕು. ಕೊನೇ ತನಕ."

"ನನ್ನ ಕೆಲಸಾನೇ ಅದು."

"ಅದಲ್ಲ..." ಅವನು ಹ್ಯಾಂಡಲ್ ನೋಡುತ್ತಾ ಹೇಳಿದ. "ಎಲ್ಲ ಹಾಡು ಮುಗಿದ ಮೇಲೆ ಒಂದು ಸದ್ದು ಇರತ್ತೆ. ನಾನು ಬಾಯಿಬಿಟ್ಟು ಕೇಳೋಕೆ ಆಗದೇ ಇರೋದನ್ನ ಅದರಲ್ಲಿ ಕೇಳಿದೀನಿ ಅಂತ ಇಟ್ಕೊಳ್ಳಿ. ನಿಮಗೆ ಬೇಡ ಅನ್ಸಿದ್ರೆ... ಕತ್ತರಿಸಿಬಿಡಿ. ನಾನು ಬಂದು ಯಾಕೆ ಅಂತ ಕೇಳಲ್ಲ. ಬೇಕು ಅನ್ಸಿದ್ರೆ ಹಾಗೇ ಬಿಡಿ. ಕ್ಯಾಸೆಟ್ ಕೇಳಿದ ತಕ್ಷಣ ನನಗೆ ಉತ್ತರ ಗೊತ್ತಾಗತ್ತೆ."

ಬಸ್ಸು ಬಂತು. ಅವಳು ಹತ್ತಿದಳು. ಕಂಡಕ್ಟರ್ ಎರಡು ಸಲ "ಎಲ್ಲಿಗಮ್ಮಾ?" ಅಂದರೂ ಅವಳಿಗೆ ಕೇಳಿಸಲೇ ಇಲ್ಲ. ಅಷ್ಟು ಚುರುಕು ಕಿವಿಯ ಹುಡುಗಿಗೆ!

* * *

ಆದರೆ ನೋಡಿ, ಬುಧವಾರ ಆಗಬೇಕಾದ್ದೇ ಒಂದು, ಆಗಿದ್ದೇ ಇನ್ನೊಂದು.

ಮಂಗಳವಾರ ಸಂಜೆ ಸಿಂಗಸಂದ್ರದಿಂದ ಭಾವ ಓಡಿಬಂದರು. ಅಕ್ಕನಿಗೆ ಹೆರಿಗೆ ನೋವು ಶುರುವಾಗಿದೆ, ಹತ್ತು ದಿನ ಮುಂಚೆಯೇ! ಅಮ್ಮನ ಜೊತೆ ಭಾನುಮತಿಯೂ ಉಟ್ಟ ಬಟ್ಟೆಯಲ್ಲೇ ಹೊರಟಳು. ಬೊಮ್ಮನಹಳ್ಳಿ ದಾಟುವಾಗ ಬಸ್ಸಿನ ಕಿಟಕಿಗೆ ತಲೆಯಿಟ್ಟು ಯೋಚಿಸಿದಳು. 'ಒಂದೆರಡು ದಿನ ಕಾಯಲ್ವಾ ಮಾಸ್ಟರು? ನಾನೇ ಕೇಳ್ಬೇಕು ಅಂತ ಅವರೇ ಹೇಳಿದಾರಲ್ಲ.'

ಅಕ್ಕನಿಗೆ ಹೆಣ್ಣುಮಗು ಆಯಿತು. ಗುಂಡು ಗುಂಡಗಿತ್ತು. ಭಾನುಮತಿ ಶುಕ್ರವಾರ ಬೆಳಿಗ್ಗೆ ಹಿಗ್ಗುತ್ತಾ ಯೂನಿಟ್ಟಿಗೆ ಬಂದಳು.

"ಸೆಕೆಂಡ್ ಶಿಫ್ಟ್ ಮಾಸ್ಟರ್ ಎಲ್ಲಿ?"

"ಅಯ್ಯೋ, ಅದು ನಿನ್ನೇನೇ ಮುಗೀತಲ್ಲ!" ಅಂದರು ವೆಂಕಟರಮಣಪ್ಪ. "ಬುಧವಾರ ಡ್ರಮ್ ಬಾರಿಸೋ ಹುಡುಗ ತಂದು ಕೊಟ್ಟೋದ, ಭಾನುವಾರ ಅವರ ಪ್ರೋಗ್ರಾಂ. ಕಾಯೋಕಾಗತ್ತಾ? ಅನುಸೂಯಮ್ಮನೇ ಚೆಕ್ ಮಾಡಿದ್ರು. ಮುನ್ನೂರು ಕ್ಯಾಸೆಟ್ಟೂ ಆಯ್ತು. ಒಂದೇ ಒಂದು ಡಬ್ಬ ಕಳಿಸೋದು ಬಾಕಿ."

ಆ ಡಬ್ಬದಿಂದ ಒಂದು ಕ್ಯಾಸೆಟ್ ತೆಗೆದಳು. ಹೆಡ್‌ಫೋನ್ ಹಾಕಿದಳು. ಒಂದೊಂದೇ ಹಾಡು... ಹನ್ನೊಂದು ಗಂಟೆಯ ಸೈರನ್ ಮೇಲೊಂದು, ಕ್ಯಾಂಟೀನ್ ಕೂಪನ್ ಮೇಲೊಂದು. ಆಹಾ, ಎಂಥಾ ಹಾಡುಗಳು! ಕೊನೇ ಹಾಡು ಮುಗಿಯಿತು. ಉಸಿರು ಬಿಗಿಹಿಡಿದಳು.

ಏನೂ ಇಲ್ಲ.

ಇನ್ನೂ ಕಾದಳು. ಟೇಪು ಪೂರ್ತಿ ಓಡಿ ಟಕ್ ಅಂತ ನಿಂತಿತು.

'ಇಷ್ಟೇನಾ? ಸದ್ದು ಹಾಕಲೇ ಇಲ್ವಾ? ಅಂದ್ರೆ... ಮನಸ್ಸು ಬದಲಾಯಿಸಿದ್ರಾ?'

ಅನುಸೂಯಮ್ಮ ಕತ್ತರಿಸಿರಬಹುದು ಅನ್ನುವ ಯೋಚನೆ ಅವಳಿಗೆ ಬರಲೇ ಇಲ್ಲವಾ ಅಂತ ನೀವು ಕೇಳಬಹುದು. ಬಂದಿತ್ತು. "ಅನುಸೂಯಮ್ಮಾ, ಈ ಬ್ಯಾಂಡಿನ ಹಾಡಲ್ಲಿ ಏನಾದ್ರೂ ಕತ್ತರಿಸಿದ್ರಾ?" ಅಂತ ಕೇಳಿಯೂ ಕೇಳಿದಳು.

"ಹಾಡಲ್ಲಾ? ಇಲ್ಲಮ್ಮ. ಹಾಡು ಒಂದೂ ಮುಟ್ಟಿಲ್ಲ."

ಅಷ್ಟೇ. ಭಾನುಮತಿಯ ಹಿಗ್ಗೆಲ್ಲಾ ಇಳಿದುಹೋಯಿತು. ಇನ್ನೊಂದು ಮಾತು ಕೇಳಲು ಅವಳಿಗೆ ಧೈರ್ಯ ಸಾಲಲಿಲ್ಲ.

ಶನಿವಾರ ಕೊನೇ ಡಬ್ಬ ತೆಗೆದುಕೊಂಡು ಹೋಗಲು ಡ್ರಮ್ ಬಾರಿಸುವ ಪುಟ್ಟಣ್ಣ ಬಂದ. ಪಟ್ಟಾಭಿ ಬರಲಿಲ್ಲ.

"ಅವರೆಲ್ಲಿ?" ಅಂದಳು ಬೇಡ ಬೇಡ ಅಂದುಕೊಂಡೇ.

"ಪಟ್ಟಾಭಿನಾ? ಏನಾಯ್ತೋ ಗೊತ್ತಿಲ್ಲ ಸಿಸ್ಟರ್. ಗುರುವಾರ ಸಂಜೆ ಹೊಸ ಕ್ಯಾಸೆಟ್ ಕೇಳ್ದ, ಅವತ್ತಿಂದ ಬಾಯಿಗೆ ಬೀಗ ಹಾಕ್ಕೊಂಡು ಕೂತವ್ನೆ. ಪೀಣ್ಯ ಕಡೆ ಕಾಲಿಡಲ್ಲ ಅಂತಾನೆ."

'ಕ್ಯಾಸೆಟ್ ಕೇಳಿ ಬೇಜಾರಾ? ತಾವೇ ಸದ್ದು ಹಾಕದೆ, ತಮಗೇ ಬೇಜಾರಾ? ಎಂಥಾ ಮನುಷ್ಯ!' ಕೋಪಕ್ಕೆ ಅಳು ಬಂತು, ಅಳು ಬಂದಿದ್ದಕ್ಕೆ ಇನ್ನಷ್ಟು ಕೋಪ ಬಂತು.

ಮಧ್ಯಾಹ್ನ ಅರ್ಧ ದಿನದ ಕೆಲಸ ಮುಗಿಯಿತು. ಬಾಗಿಲಲ್ಲಿ ಪಿಳ್ಳಮ್ಮ ಮೊಸರಿನ ಪಾತ್ರೆ ಹೊತ್ತು ನಿಂತಿದ್ದಳು. ಅನುಸೂಯಮ್ಮ ರದ್ದಿ ಟೇಪನ್ನೆಲ್ಲ ಬಾಚಿ ಅವಳ ಚೀಲಕ್ಕೆ ತುಂಬುತ್ತಿದ್ದರು.

"ಭಾನು, ಮೊಳೆ ಮೇಲೆ ಒಂದು ಸುರುಳಿ ಇದೆ. ಇದನ್ನೂ ಹಾಕಿಬಿಡ್ಲಾ? ಮೊನ್ನೆ ಗುರುವಾರದ್ದು. ಇನ್ನೂ ವಾರ ಆಗಿಲ್ಲ..."

ಅವಳು ಸುಮ್ಮನೆ ತಿರುಗಿ ನೋಡಿದಳು.

ಅನುಸೂಯಮ್ಮನ ದುಂಡು ಅಕ್ಷರದಲ್ಲಿ ಚೀಟಿ: 'ಸೆಕೆಂಡ್ ಶಿಫ್ಟ್ ಹೊಸದು. ಹಾಡು ಮುಗಿದ ಮೇಲಿನ ಗಲಾಟೆ. 22 ಸೆಕೆಂಡು.'

"ಹಾಕ್ಬೇಡಿ!!"

ಆ ಕೂಗಿಗೆ ಪಿಳ್ಳಮ್ಮನ ಮೊಸರು ತುಳುಕಿತು. "ನೋಡ್ದಾ, ನಾನ್ ಏಳ್ಳಿಲ್ವಾ, ಈ ಅಮ್ಮಣ್ಣಿ ಕೂಗು ಅಂಗೇ!"

"ಏನನ್ನೂ ಕತ್ತರಿಸಿಲ್ಲ ಅಂದ್ರಲ್ಲಾ ಅನುಸೂಯಮ್ಮಾ!"

"ನೀನು ಹಾಡಲ್ಲಿ ಅಂತ ಕೇಳ್ದೆ. ಇದು ಹಾಡು ಮುಗಿದ ಮೇಲೆ. ನನಗೆ ನಿನ್ನಷ್ಟು ಕಿವಿ ಎಲ್ಲಿದೆ ಭಾನು, ಸದ್ದಿನ ಮೀಟರಿನ ಮುಳ್ಳು ನೋಡಿ ಕೆಲಸ ಮಾಡೋಳು ನಾನು. ಹಾಡು ಮುಗೀತು, ಮುಳ್ಳು ಮಲಗ್ತು. ಆಮೇಲೆ ಇದ್ದಕ್ಕಿದ್ದ ಹಾಗೆ ಎದ್ದು ಕುಣೀತು. ಕತ್ತರಿಸಿ ಮೊಳೆಗೆ ಹಾಕ್ದೆ. ನಿನ್ನ ರೂಲೇ ಅಲ್ವಾ?"

ಹೌದು. ಅವಳದೇ ರೂಲು!

ಸುರುಳಿಯನ್ನು ಮಷಿನ್ನಿಗೆ ಹಾಕಿದಳು. ಹೆಡ್‌ಫೋನ್ ಕಿವಿಗೊತ್ತಿ ಹಿಡಿದಳು.

ಗಾಳಿ... ಝುಂಯ್ ಅನ್ನುವ ರಾಗಿ ಹೊಲ... ದೂರದಲ್ಲೊಂದು ರೈಲು... ಆಮೇಲೆ,

"ಸಿಕ್ತು! ರೀ... ಸಿಕ್ತೂ!!"

ಹಕ್ಕಿಗಳು ಭರ್ರನೆ ಹಾರಿದ ಸದ್ದು. ಮತ್ತೆ ನಗು. ಅವಳದೇ ನಗು! ಅದರ ಹಿಂದೆ ಓಡಿಬರುವ ಹೆಜ್ಜೆ, ಅವನ ನಗು. ಎರಡೂ ಸೇರಿಕೊಂಡು ಸಣ್ಣಗಾಗುತ್ತಾ ಮುಗಿಯಿತು.

ಭಾನುಮತಿ ಹಾಗೇ ಕೂತುಬಿಟ್ಟಳು. ಕೆನ್ನೆ ಒದ್ದೆಯಾಗಿತ್ತು.

'ನನ್ನ ನಗು... ಇಡೀ ಆಲ್ಬಂ ಆದ ಮೇಲೆ ನನ್ನ ನಗು ಇಟ್ಟಿದ್ರು. ಅದನ್ನ ನಾನೇ ಕತ್ತರಿಸಿದೆ ಅಂದ್ಕೊಂಡು ಎರಡು ದಿನದಿಂದ...'

"ಅನುಸೂಯಮ್ಮಾ, ಮಾಸ್ಟರ್ ತಗೊಂಡ್ಬನ್ನಿ. ಅಂಟಿಸ್ಬೇಕು. ಈಗಲೇ!"

"ಯಾಕೇ? ಅದೇನು ಹಾಡಾ?"

"ಹೂಂ ಅನುಸೂಯಮ್ಮಾ. ಅದೂ ಹಾಡೇ."

* * *

ಭಾನುವಾರ ಸಂಜೆ ಐದು ಗಂಟೆ. ಫ್ಯಾಕ್ಟರಿ ಕಾಲೋನಿಯ ಮೈದಾನದಲ್ಲಿ ಹಳದಿ ಕೆಂಪು ಬಾವುಟ ಹಾರುತ್ತಿತ್ತು. ಮೈಕ್ ಸೆಟ್ ಮುನಿಯಣ್ಣ ಎರಡು ಕಂಬಕ್ಕೆ ಹಾರನ್ ಕಟ್ಟಿದ್ದ. ಜನ ಕುರ್ಚಿ ಹಿಡಿಯುತ್ತಿದ್ದರು. ಸ್ಟೇಜ್ ಮೇಲೆ ಪಟ್ಟಾಭಿ ಮಂಡಿಯೂರಿ ಗಿಟಾರಿನ ವೈರು ಬಿಡಿಸುತ್ತಿದ್ದ. ಮುಖ ನೋಡಿದರೆ ಹಬ್ಬಕ್ಕೆ ಬಂದವನ ಹಾಗಿರಲಿಲ್ಲ.

ಭಾನುಮತಿ ಅವನ ಹತ್ತಿರ ಹೋಗಲಿಲ್ಲ. ಸೀದಾ ಮುನಿಯಣ್ಣನ ಹತ್ತಿರ ಹೋದಳು. ನೀಲಿ ಸೀರೆ, ಮಲ್ಲಿಗೆ ಹೂವು, ಕೈಯಲ್ಲಿ ಒಂದೇ ಒಂದು ಕ್ಯಾಸೆಟ್.

"ಅಣ್ಣಾ, ಇದು ಇವತ್ತಿನ ಬ್ಯಾಂಡಿಂದೇ. ಪ್ರೋಗ್ರಾಂ ಶುರುವಾಗೋ ತನಕ ಹಾಕ್ತೀರಾ? ಸರಿಯಾದ ಜಾಗಕ್ಕೆ ತಿರುಗಿಸಿ ತಂದಿದೀನಿ."

"ಅದಕ್ಕೇನಮ್ಮಾ, ಕೊಡು."

ಕೊನೇ ಹಾಡಿನ ಕೊನೇ ಸಾಲು ಮೈದಾನದ ಮೇಲೆ ಹಾದುಹೋಯಿತು. ಪಟ್ಟಾಭಿ ತಲೆಯೆತ್ತಲಿಲ್ಲ. ಹಾಡು ಮುಗಿಯಿತು. ಒಂದು ಕ್ಷಣ ಸದ್ದಿಲ್ಲ.

ಆಮೇಲೆ ಎರಡೂ ಹಾರನ್ನಿನಿಂದ ಗಾಳಿ ಬೀಸಿತು. ರಾಗಿ ಹೊಲ ಝುಂಯ್ ಅಂದಿತು.

ಅವನ ಕೈ ವೈರಿನ ಮೇಲೇ ನಿಂತಿತು.

"ಸಿಕ್ತು! ರೀ... ಸಿಕ್ತೂ!!"

ಮೈದಾನಕ್ಕೆ ಮೈದಾನವೇ ತಿರುಗಿ ನೋಡಿತು! ಭಾನುಮತಿಗೆ ನಾಚಿಕೆಯಿಂದ ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸಿತು. ಆದರೂ ಕದಲಲಿಲ್ಲ. ಮೈಕಿನ ಮೇಜಿನ ಪಕ್ಕದಲ್ಲೇ ನೆಟ್ಟಗೆ ನಿಂತಳು.

ಮುಂದಿನ ಸಾಲಿನಲ್ಲಿ ಕೂತಿದ್ದ ಪಟ್ಟಾಭಿಯ ಅಪ್ಪ ಶ್ಯಾಮಸುಂದರ ಪಕ್ಕದವರಿಗೆ ಹೇಳಿದರು: "ಯಾರ್ರೀ ಈ ಹುಡುಗಿ? ನನ್ನ ಲೇತಿಗಿಂತ ಜೋರಾಗಿದಾಳೆ!"

ಪಟ್ಟಾಭಿ ಸ್ಟೇಜಿಂದ ಹಾರಿದ. ಮೆಟ್ಟಿಲಿದೆ ಅನ್ನೋದೂ ಮರೆತಿದ್ದ. ಓಡಿಬಂದು ಅವಳ ಮುಂದೆ ನಿಂತ. ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

"ನೀವು... ಕತ್ತರಿಸಿದ್ರಲ್ಲ?"

"ನಾನಲ್ಲ. ನಾನು ಊರಲ್ಲೇ ಇರಲಿಲ್ಲ. ಅಕ್ಕಂಗೆ ಹೆರಿಗೆ ಅಂತ ಸಿಂಗಸಂದ್ರಕ್ಕೆ ಹೋಗಿದ್ದೆ. ಅನುಸೂಯಮ್ಮ ಮುಳ್ಳು ನೋಡಿ ಕತ್ತರಿಸಿದ್ರು. ನಿನ್ನೆ ಮೊಳೆ ಮೇಲೆ ಸಿಕ್ತು. ಪಿಳ್ಳಮ್ಮನ ಚೀಲಕ್ಕೆ ಹೋಗೋದ್ರಲ್ಲಿತ್ತು ಗೊತ್ತಾ?"

"ಮತ್ತೆ ಹಕ್ಕಿ ಓಡಿಸೋಕಾ?" ಅಂದ ಅವನು. ನಗುತ್ತಿದ್ದನೋ ಅಳುತ್ತಿದ್ದನೋ ಅವನಿಗೇ ತಿಳಿಯಲಿಲ್ಲ.

"ಮೂರು ದಿನ ಬಾಯಿಗೆ ಬೀಗ ಹಾಕ್ಕೊಂಡು ಕೂತ್ರಂತೆ! ಅವತ್ತು ಬಾಗಿಲಲ್ಲಿ ಬಂದು ಅಷ್ಟು ಜೋರಾಗಿ ಜಗಳ ಆಡಿದೋರು, ಈ ಸಲ ಯಾಕೆ ಬರ್ಲಿಲ್ಲ?"

"ಕೇಳಲ್ಲ ಅಂತ ಮಾತು ಕೊಟ್ಟಿದ್ನಲ್ಲ..."

"ಅಂಥಾ ಮಾತು ಇನ್ನು ಮೇಲೆ ಕೊಡ್ಬೇಡಿ. ನಾನು ಕತ್ತರಿಸಿದ್ರೆ ಬಂದು ಜಗಳ ಆಡಿ."

ಅವನು ಒಂದು ಹೆಜ್ಜೆ ಹತ್ತಿರ ಬಂದ. ದನಿ ತಗ್ಗಿಸಿದ.

"ಹಾಗಾದ್ರೆ... ಉತ್ತರ?"

ಭಾನುಮತಿ ಬ್ಯಾಗಿನಿಂದ ಯೂನಿಟ್ಟಿನ ಹಳದಿ ಚೀಟಿ ತೆಗೆದು ಅವನ ಕೈಗಿಟ್ಟಳು. ಪ್ರತಿ ಮಾಸ್ಟರಿಗೂ ಕಟ್ಟುವ ಚೀಟಿ ಅದು. ಅವಳದೇ ಅಕ್ಷರದಲ್ಲಿ ಬರೆದಿತ್ತು: 'ಕೊನೇ ತನಕ ಕೇಳಿದೆ. ತಪ್ಪು ಇಲ್ಲ. ಏನೂ ಕತ್ತರಿಸಬಾರದು. ಭಾನುಮತಿ.'

ಅವನು ಎರಡು ಸಲ ಓದಿದ. ಮಡಿಸಿ ಅಂಗಿಯ ಜೇಬಿಗಿಟ್ಟುಕೊಂಡ.

"ಪಟ್ಟಾಭೀ! ಶುರು ಮಾಡೋಣ ಬಾರೋ ಮಗಾ!" ಅಂತ ಪುಟ್ಟಣ್ಣ ಸ್ಟೇಜಿಂದ ಕೂಗಿದ.

"ಹೋಗಿ," ಅಂದಳು ಭಾನುಮತಿ. "ಅಪ್ಪ ಕಾಯ್ತಿದಾರೆ."

"ಮುನ್ನೂರು ಕ್ಯಾಸೆಟ್‌ನಲ್ಲಿ ನಿನ್ನ ನಗು ಇಲ್ವಲ್ಲ ಭಾನು..."

ಮೊದಲ ಸಲ 'ನೀನು' ಅಂದಿದ್ದ. ಮೊದಲ ಸಲ ಬರೀ 'ಭಾನು'. ಅವಳ ಕೆನ್ನೆ ರಂಗೇರಿತು.

"ಅವು ಖಾಲಿಯಾಗ್ಲಿ. ಮುಂದಿನ ಮುನ್ನೂರನ್ನ ನಾನೇ ಮಾಡಿಕೊಡ್ತೀನಿ."

"ಅಲ್ಲೀ ತನಕ?"

"ಅಲ್ಲೀ ತನಕ... ಬೇಕಾದಾಗ ಬಂದು ನನ್ನನ್ನೇ ನಗಿಸಿ ಕೇಳ್ಕೋ ಪಟ್ಟಾಭಿ."